ಕಡ್ಡಿ ಆಡಿಸುವವರನ್ನು ಏನು ಮಾಡೋದು?

ನಮ್ಮ ಕಡೆಯ ಅಡಿಕೆ ತೋಟದವರ ವಾಟ್ಸಾಪ್ ಗುಂಪೊಂದಕ್ಕೆ ನಾನು ಅಡ್ಮಿನ್ ಆಗಿ ಆರು ವರ್ಷ ಆಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಜಾಸ್ತಿ, ಘಟ್ಟದ ಕೆಳಗಿನ ಕುಮಟಾ, ಹೊನ್ನಾವರದವರೂ ಇದ್ದಾರೆ. ಒಟ್ಟು ಐನೂರು ಚಿಲ್ಲರೆ ಜನ. ಸಂಬಳ ಇಲ್ಲ, ಬೈಗುಳ ಉಂಟು.

ಒಂದು ಮಳೆಗಾಲದ ಸಂಜೆ ಒಬ್ಬ ಹೆಂಗಸು ಗುಂಪಿನಲ್ಲಿ ಕೇಳಿದರು: ಅಡಿಕೆಗೆ ಕೊಳೆರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಎಷ್ಟು, ಸುಣ್ಣ ಎಷ್ಟು? ಮನೆಯಲ್ಲಿ ಅದುವರೆಗೆ ಗಂಡ ನೋಡಿಕೊಳ್ಳುತ್ತಿದ್ದ ಕೆಲಸ, ಆ ವರ್ಷ ಇವರ ತಲೆಗೆ ಬಂದಿತ್ತು. ಉತ್ತರ ಒಂದೇ ಸಾಲಿನದ್ದು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಯಾರೋ ಅದನ್ನು ಬರೆದರು ಕೂಡ. ಆದರೆ ಅಷ್ಟರಲ್ಲಿ ಇನ್ನೊಬ್ಬರು ಒಂದು ಮಾತು ಒಗೆದರು. 'ಕ್ಯಾನ್ಸರ್ ಬೆಳೆಯುವವರ ತೋಟಕ್ಕೆ ಕೊಳೆ ಬಂದರೆ ಒಳ್ಳೇದೇ ಅಲ್ವಾ?' ಮುಗೀತು. ಎರಡು ಗಂಟೆಯಲ್ಲಿ ನೂರೆಂಬತ್ತು ಮೆಸೇಜು. ಜಾತಿ ಬಂತು, ಪಕ್ಷ ಬಂತು, ಯಾರದ್ದೋ ಅಜ್ಜನ ಹೆಸರೂ ಬಂತು. ಅದರಲ್ಲಿ ಹದಿನಾಲ್ಕು ನನ್ನದೇ. ಸುಣ್ಣದ ಲೆಕ್ಕ ಎಲ್ಲೋ ಅಡಿಗೆ ಹೋಯಿತು.

ಆ ಹೆಂಗಸು ಗುಂಪು ಬಿಟ್ಟು ಹೋಗಿದ್ದನ್ನು ನಾನು ಗಮನಿಸಿದ್ದು ಮೂರು ದಿನದ ಮೇಲೆ. ಈಗ ವಾಟ್ಸಾಪ್‌ನಲ್ಲಿ ಯಾರಾದರೂ ಹೊರಗೆ ಹೋದರೆ ಊರಿಗೆಲ್ಲ ಡಂಗುರ ಸಾರುವುದಿಲ್ಲ, ಅಡ್ಮಿನ್‌ಗಳಿಗೆ ಮಾತ್ರ ತಿಳಿಯುತ್ತದೆ. ನಾನು ವಾದದಲ್ಲಿ ಮುಳುಗಿದ್ದೆ, ನೋಡಲಿಲ್ಲ. ಗುಂಪು ಕೆಡುವುದು ಹೀಗೆ. ಜಗಳ ಆಡುವವರು ಎಲ್ಲಿಗೂ ಹೋಗುವುದಿಲ್ಲ, ಅವರಿಗೆ ಅಲ್ಲೇ ಮಜಾ. ಕೆಲಸಕ್ಕೆ ಬಂದವರು ಸದ್ದಿಲ್ಲದೆ ಎದ್ದು ಹೋಗುತ್ತಾರೆ.

ಇಂಥವರಿಗೆ ನಮ್ಮಲ್ಲಿ ಮೊದಲಿಂದಲೂ ಒಂದು ಮಾತಿದೆ, ಕಡ್ಡಿ ಆಡಿಸುವವರು. ಇಂಟರ್ನೆಟ್ಟಿನ ಮಾತಿನಲ್ಲಿ ಟ್ರೋಲ್. ಈಗ ನಾವು ಯಾರನ್ನಾದರೂ ಗೇಲಿ ಮಾಡಿದರೆ ಅದಕ್ಕೂ ಟ್ರೋಲ್ ಅನ್ನುತ್ತೇವೆ, ಆದರೆ ಆ ಪದ ಬಂದ ದಾರಿ ಬೇರೆ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟ್ ಕೆಲಸ ಮಾಡುವ ಗೆಳೆಯರೊಬ್ಬರಿದ್ದಾರೆ. ಅವರಿಗೆ ಟ್ರೋಲಿಂಗ್ ಅಂದರೆ ಮೀನು ಹಿಡಿಯುವ ಒಂದು ರೀತಿ. ಬೋಟ್ ನಿಧಾನವಾಗಿ ಓಡುತ್ತಾ ಇರಬೇಕು, ಹಿಂದೆ ಉದ್ದ ದಾರ ಬಿಟ್ಟಿರಬೇಕು, ದಾರದ ತುದಿಯ ಗಾಳದಲ್ಲಿ ಹೊಳೆಯುವ ನಕಲಿ ಮೀನು. ಇಶ್ವಾಣದಂಥ ದೊಡ್ಡ ಮೀನು ಅದನ್ನು ಜೀವಂತ ಅಂದುಕೊಂಡು ಬಾಯಿ ಹಾಕುತ್ತದೆ. (ಟ್ರಾಲರ್ ಬೋಟು ಬಲೆ ಎಳೆಯುವುದು ಬೇರೆ, ಅದು ಟ್ರಾಲಿಂಗ್. ಎರಡನ್ನೂ ಒಂದೇ ಅಂದರೆ ಅವರಿಗೆ ಸಿಟ್ಟು ಬರುತ್ತದೆ.) 1990ರ ದಶಕದ ಆರಂಭದಲ್ಲಿ ಯೂಸ್‌ನೆಟ್ ಎಂಬ ಚರ್ಚಾ ಜಾಲ ಜೋರಾಗಿತ್ತು. ಅಲ್ಲಿನ ಹಳಬರು ಹೊಸಬರನ್ನು ಕೆಣಕಲು ಬೇಕೆಂದೇ ಸವೆದುಹೋದ ವಿಷಯವೊಂದನ್ನು ತೆಗೆದು, ಯಾರು ಬಂದು ಕಚ್ಚುತ್ತಾರೆ ಅಂತ ಕಾಯುತ್ತಿದ್ದರು. ಅದಕ್ಕೆ ಮೀನುಗಾರಿಕೆಯ ಈ ಪದವೇ ಹೊಂದಿಕೊಂಡಿತು. ನಾರ್ವೆ ಕಡೆಯ ಜನಪದ ಕತೆಗಳಲ್ಲಿ ಬರುವ ಟ್ರೋಲ್ ಎಂಬ ರಾಕ್ಷಸ ಆಮೇಲೆ ಬಂದು ಕೂಡಿಕೊಂಡ.

ಗಾಳದ ಲೆಕ್ಕ ಹಿಡಿದರೆ ಅರ್ಧ ವಿಷಯ ಅರ್ಥ ಆಗುತ್ತದೆ. ನಕಲಿ ಮೀನು ಪೂರ್ತಿ ನಕಲಿ ಕಂಡರೆ ಯಾವ ಮೀನೂ ಬರುವುದಿಲ್ಲ. ಮೇಲಿನ ಮಾತನ್ನೇ ನೋಡಿ. ಅದರಲ್ಲಿ ಸತ್ಯ ಇಲ್ಲವೇ ಅಂದರೆ, ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ 2004ರಲ್ಲೇ ವರದಿ ಪ್ರಕಟಿಸಿದೆ. ಬೆಳೆಗಾರರಿಗೆ ಇದು ನೋವಿನ ಜಾಗ, ಒಂದು ಸಾಲಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ, ಸುಮ್ಮನಿರಲೂ ಆಗುವುದಿಲ್ಲ. ಮೇಲಿಂದ ಕೊಳೆ ಬಂದು ಹೆದರಿ ಕೂತಿರುವ ಹೊತ್ತು. ಗಾಳ ಹಾಕುವವರಿಗೆ ಇದೆಲ್ಲ ಗೊತ್ತಿರುತ್ತದೆ. ಅಡಿಕೆ ಮತ್ತು ಆರೋಗ್ಯದ ಬಗ್ಗೆ ನಿಜವಾಗಿ ಮಾತಾಡಬೇಕು ಅನ್ನುವವರು ಅದಕ್ಕೇ ಒಂದು ದಿನ ಕೂತು ಮಾತಾಡುತ್ತಾರೆ. ನಮ್ಮ ಗುಂಪಿನಲ್ಲೇ ಅಂಥ ಒಬ್ಬರಿದ್ದಾರೆ, ಅವರ ಮಾತು ನನಗೆ ಹಿಡಿಸುವುದಿಲ್ಲ, ಆದರೆ ಅವರು ಕಡ್ಡಿ ಆಡಿಸುವವರಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ, ತಪ್ಪಾದರೆ ಹೌದು ಅನ್ನುತ್ತಾರೆ.

ಇಲ್ಲೇ ನಾನು ಒಂದು ದೊಡ್ಡ ತಪ್ಪು ಮಾಡಿದ್ದು.

ಯಲ್ಲಾಪುರ ಕಡೆಯ ಒಬ್ಬ ಹಿರಿಯರಿದ್ದರು. ಬರೆದರೆ ಎರಡೇ ಸಾಲು, ಎರಡೂ ಒರಟು. 'ನಿಮಗೆ ತಲೆ ಇಲ್ವನಾ? ಹಳೇ ಸುಣ್ಣ ಹಾಕಿ ಔಷಧ ಹೊಡೆದರೆ ಎಲೆ ಸುಡದೆ ಇನ್ನೇನು?' ಅಂತ. ಯಾರೋ ದೂರು ಕೊಟ್ಟರು, ಇನ್ನೊಬ್ಬರು ಬೆಂಬಲಿಸಿದರು, ನಾನು ಆ ಹೊತ್ತಿಗೆ ಎಲ್ಲರ ಮೇಲೂ ರೋಸಿ ಹೋಗಿದ್ದೆ, ಒಂದು ಗುಂಡಿ ಒತ್ತಿ ಅವರನ್ನು ಹೊರಗೆ ಹಾಕಿದೆ. ಆಮೇಲೆ ನೋಡಿದರೆ ಅವರು ಹೇಳಿದ್ದು ಪೂರಾ ಸರಿ. ಗಾಳಿಗೆ ಬಿಟ್ಟ ಹಳೇ ಸುಣ್ಣಕ್ಕೆ ಶಕ್ತಿ ಇರುವುದಿಲ್ಲ, ಮೈಲುತುತ್ತದ ಹುಳಿ ಹಾಗೇ ಉಳಿದು ಎಲೆ ಸುಡುತ್ತದೆ. ದ್ರಾವಣಕ್ಕೆ ಕಬ್ಬಿಣದ ಕತ್ತಿ ಅದ್ದಿ, ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು ಅಂತ ಪರೀಕ್ಷೆ ಮಾಡುವುದನ್ನು ಅದಕ್ಕೂ ಮೊದಲು ನಮಗೆ ಹೇಳಿಕೊಟ್ಟವರೂ ಅವರೇ. ಫೋನ್ ಮಾಡಿ ತಪ್ಪಾಯಿತು ಅಂದೆ. 'ನನಗೆ ತೋಟದಲ್ಲಿ ಬೇಕಾದಷ್ಟು ಕೆಲಸ ಇದ್ದು, ತಮ್ಮಾ' ಅಂದರು. ವಾಪಸ್ ಬರಲಿಲ್ಲ.

ಅಂದಿನಿಂದ ನಾನು ದನಿ ನೋಡುವುದು ಬಿಟ್ಟೆ. ಒರಟು ಮಾತಿನವರೆಲ್ಲ ಕೆಡಿಸುವವರಲ್ಲ, ನಯವಾಗಿ ಮಾತಾಡುವವರೆಲ್ಲ ಒಳ್ಳೆಯವರೂ ಅಲ್ಲ. ನಿಜ ಹೇಳಬೇಕೆಂದರೆ ನನಗೆ ಅತಿ ಕಷ್ಟ ಕೊಟ್ಟವರು ತುಂಬಾ ವಿನಯದವರು. 'ತಪ್ಪು ತಿಳಿಯಬೇಡಿ, ನಾನು ಸುಮ್ನೆ ಕೇಳ್ತಿದ್ದೇನೆ, ಅದಕ್ಕೆ ದಾಖಲೆ ಇದೆಯಾ?' ದಾಖಲೆ ಕೊಟ್ಟರೆ ಅದು ಹಳೆಯದಾಯಿತು ಅನ್ನುತ್ತಾರೆ. ಹೊಸದು ಕೊಟ್ಟರೆ ಅದನ್ನು ಬರೆದವರು ಯಾರು ಅನ್ನುತ್ತಾರೆ. ನಾಲ್ಕನೇ ದಿನ ಮತ್ತೆ ಮೊದಲ ಪ್ರಶ್ನೆ. ಎದುರಿನವರು ತಾಳ್ಮೆ ಕಳೆದುಕೊಂಡು ಬೈದ ಕೂಡಲೇ 'ನೋಡಿ, ಪ್ರಶ್ನೆ ಕೇಳಿದರೆ ಇಲ್ಲಿ ಬೈಯುತ್ತಾರೆ'. ಗಾಳ ಹಾಕಿದವರ ಕೈ ಚೊಕ್ಕ, ಕಚ್ಚಿದವರ ಬಾಯಲ್ಲಿ ರಕ್ತ.

ಹಾಗಾಗಿ ನಾನು ನೋಡುವುದು ಬೇರೆ. ಉತ್ತರ ಸಿಕ್ಕಿದ ಮೇಲೆ ಇವರು ಏನು ಮಾಡುತ್ತಾರೆ? ಮಾತು ಮುಂದೆ ಹೋಗುತ್ತದೋ, ಗಾಣದ ಎತ್ತಿನ ಹಾಗೆ ಸುತ್ತುತ್ತದೋ? ಇವರು ಬಂದು ಹೋದ ಮೇಲೆ ಗುಂಪಿನಲ್ಲಿ ಪ್ರಶ್ನೆ ಕೇಳುವವರು ಜಾಸ್ತಿ ಆಗುತ್ತಾರೋ, ಕಮ್ಮಿ ಆಗುತ್ತಾರೋ? ಮನಸ್ಸಿನೊಳಗೆ ಏನಿದೆ ಅಂತ ಹುಡುಕುವುದು ನಮ್ಮ ಕೆಲಸವಲ್ಲ, ಅದು ಆಗುವ ಕೆಲಸವೂ ಅಲ್ಲ.

ಆದರೂ ಯಾಕೆ ಹೀಗೆ ಮಾಡುತ್ತಾರೆ ಅನ್ನುವ ಕುತೂಹಲ ಇದ್ದೇ ಇರುತ್ತದೆ. ಜಾನ್ ಸುಲರ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲೇ ಒಂದು ಮಾತು ಬರೆದಿದ್ದರು: ಪರದೆಯ ಹಿಂದೆ ಕೂತಾಗ ಎದುರಿನವರ ಮುಖ ಕಾಣುವುದಿಲ್ಲ, ಹಾಗಾಗಿ ಎದುರಾಎದುರು ಆಡದ ಮಾತು ಬಾಯಿಗೆ ಬರುತ್ತದೆ. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಇದೇ ಜನ 'ಆಸ್ರಿಗೆ ಕುಡಿದ್ರಾ' ಅಂತ ಕೇಳುವವರು. 2014ರಲ್ಲಿ ಕೆನಡಾದ ಸಂಶೋಧಕರು ಕೆಲವರನ್ನು ಕೇಳಿ ನೋಡಿದಾಗ, ಬೇಕೆಂದೇ ಕೆಣಕುವುದೇ ತಮಗೆ ಖುಷಿ ಅಂದವರಲ್ಲಿ ಇನ್ನೊಬ್ಬರ ಸಂಕಟ ನೋಡಿ ಸಂತೋಷಪಡುವ ಗುಣ ಎದ್ದು ಕಂಡಿತು. ಅಂಥವರಿಗೆ ನೀವು ಎಷ್ಟು ಚೆನ್ನಾಗಿ ವಾದ ಮಾಡಿದರೂ ಉಪಯೋಗವಿಲ್ಲ. ನಿಮ್ಮ ಸಿಟ್ಟೇ ಅವರ ಊಟ, ನೀವು ಬಡಿಸುತ್ತಾ ಹೋಗುತ್ತೀರಿ.

ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಅಧ್ಯಯನ. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ್ದು. ಜನರಿಗೆ ಮೊದಲು ಒಂದು ಪರೀಕ್ಷೆ ಕೊಟ್ಟರು, ಕೆಲವರಿಗೆ ಸುಲಭದ್ದು, ಕೆಲವರಿಗೆ ತಲೆ ಕೆಡಿಸುವಂಥದ್ದು. ಆಮೇಲೆ ಒಂದು ಲೇಖನ ಓದಿಸಿ ಅಭಿಪ್ರಾಯ ಬರೆಯಿರಿ ಅಂದರು. ಕೆಲವರಿಗೆ ಮೇಲೆ ಆಗಲೇ ಕೆಣಕುವ ಮಾತುಗಳು ಕಾಣುತ್ತಿದ್ದವು, ಕೆಲವರಿಗೆ ಸಾಧಾರಣ ಮಾತುಗಳು. ಮನಸ್ಸು ಚೆನ್ನಾಗಿದ್ದು ಮೇಲೆ ಸಾಧಾರಣ ಮಾತಿದ್ದಾಗ ಕೆಣಕುವಂತೆ ಬರೆದವರು ಶೇ 35. ಮನಸ್ಸು ಕೆಟ್ಟು ಮೇಲೂ ಕೆಟ್ಟ ಮಾತಿದ್ದಾಗ ಶೇ 68. ಅಂದರೆ ಕೆಡಿಸುವವರು ಅಂತ ಒಂದು ಬೇರೆ ಜಾತಿ ಇಲ್ಲ. ವಾರಗಟ್ಟಲೆ ಮಳೆ ಬಿಡದೆ, ಕರೆಂಟ್ ಇಲ್ಲದೆ, ಕಾಯಿ ಉದುರುವುದನ್ನು ನೋಡುತ್ತಾ ಕೂತ ಒಳ್ಳೆಯ ಮನುಷ್ಯರೇ ಮೊದಲ ಕೆಟ್ಟ ಮಾತು ಕಂಡ ಕೂಡಲೇ ಎರಡನೆಯದನ್ನು ಬರೆಯುತ್ತಾರೆ. ನನ್ನ ಹದಿನಾಲ್ಕು ಮೆಸೇಜು ಈ ಲೆಕ್ಕದ್ದೇ.

ಹಾಗಾದರೆ ಏನು ಮಾಡೋದು? ಎಲ್ಲರೂ ಹೇಳುವ ಉಪಾಯ, ಗಾಳಕ್ಕೆ ಬಾಯಿ ಹಾಕಬೇಡಿ, ಸುಮ್ಮನಿರಿ. ಒಳ್ಳೆಯ ಮಾತು, ಆದರೆ ಐನೂರು ಜನರಲ್ಲಿ ನಾನೂರತೊಂಬತ್ತೊಂಬತ್ತು ಜನ ಸುಮ್ಮನಿದ್ದು ಒಬ್ಬರು ಕಚ್ಚಿದರೆ ಸಾಕು. ಅಲ್ಲದೆ ಯಾರಾದರೂ ಒಬ್ಬರ ಮೇಲೆ ನೇರ ದಾಳಿ ಆದಾಗ ಉಳಿದವರೆಲ್ಲ ಸುಮ್ಮನಿದ್ದರೆ, ಏಟು ತಿಂದವರಿಗೆ ಅದು ಒಪ್ಪಿಗೆಯ ಹಾಗೆ ಕಾಣುತ್ತದೆ. ನನಗೆ ಈ 'ಸುಮ್ಮನಿರಿ' ಅನ್ನುವ ಉಪದೇಶದ ಮೇಲೆ ಅಷ್ಟು ನಂಬಿಕೆ ಉಳಿದಿಲ್ಲ.

ಬಯಲಾಟದಲ್ಲಿ ನೋಡಿದ್ದೀರಲ್ಲ, ರಾತ್ರಿ ಹನ್ನೆರಡಕ್ಕೆ ಎದುರು ಸಾಲಿನಲ್ಲಿ ಒಬ್ಬರು ಕುಡಿದು ಕೂಗುತ್ತಾರೆ. ಭಾಗವತರು ಪದ್ಯ ನಿಲ್ಲಿಸಿ ಅವರಿಗೆ ಬುದ್ಧಿ ಹೇಳುವುದಿಲ್ಲ, ಮದ್ದಳೆ ನಿಲ್ಲುವುದಿಲ್ಲ. ಬದಿಯಿಂದ ಇಬ್ಬರು ಬರುತ್ತಾರೆ, ಹೆಗಲ ಮೇಲೆ ಕೈ ಹಾಕಿ 'ಬಾ ಮಾರಾಯ, ಚಾ ಕುಡಿಯೋಣ' ಅಂತ ಕರೆದುಕೊಂಡು ಹೋಗುತ್ತಾರೆ. ಹಿಂದೆ ಕೂತವರಿಗೆ ಏನಾಯಿತು ಅಂತಲೂ ಗೊತ್ತಾಗುವುದಿಲ್ಲ. ಅಡ್ಮಿನ್ ಕೆಲಸ ಅಂದರೆ ಆ ಇಬ್ಬರ ಕೆಲಸ. ನಾನು ಮೂರು ವರ್ಷ ಆಟ ನಿಲ್ಲಿಸಿ ಬುದ್ಧಿ ಹೇಳುತ್ತಿದ್ದೆ.

ಈಗ ನಾವು ಮಾಡುವುದು ಹೀಗೆ. ಗಾಳ ಬಿದ್ದ ಕೂಡಲೇ ಅದಕ್ಕೆ ಉತ್ತರ ಬರೆಯುವುದಿಲ್ಲ, ಮೊದಲು ಯಾರು ಪ್ರಶ್ನೆ ಕೇಳಿದ್ದರೋ ಅವರ ಪ್ರಶ್ನೆಯನ್ನೇ ಎತ್ತಿ, ಅವರ ಹೆಸರು ಹಿಡಿದು, ಉತ್ತರ ಕೊಡುತ್ತೇವೆ, ಅದರ ಕೆಳಗೆ ಇನ್ನೊಬ್ಬ ಅಡ್ಮಿನ್ ಇನ್ನೊಂದು ಕೆಲಸದ ಮಾತು ಸೇರಿಸುತ್ತಾರೆ. ಮುಂದೆ ಬರುವವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಅದು. ಕೆಟ್ಟ ಮಾತನ್ನು ಅಳಿಸುತ್ತೇವೆ. ಅಡ್ಮಿನ್ ಅಳಿಸಿದರೆ ಯಾರು ಅಳಿಸಿದರು ಅಂತ ಹೆಸರು ಬೀಳುತ್ತದೆ ನೋಡಿ, ಸಿಟ್ಟು ಆ ಹೆಸರಿನ ಮೇಲೆ ತಿರುಗುತ್ತದೆ, ಅದಕ್ಕೇ ನಾವು ಮೂವರು ಸರದಿ ಹಾಕಿಕೊಂಡಿದ್ದೇವೆ. ಆಮೇಲೆ ಬರೆದವರಿಗೆ ಬೇರೆಯಾಗಿ ಫೋನ್. ಮೆಸೇಜು ಅಲ್ಲ, ಫೋನ್. ಬರೆದ ಬುದ್ಧಿಮಾತಿನ ಸ್ಕ್ರೀನ್‌ಶಾಟ್ ಹತ್ತು ನಿಮಿಷದಲ್ಲಿ ಗುಂಪಿಗೆ ಬಂದು ಬೀಳುತ್ತದೆ, ಅನುಭವದ ಮಾತು. ಅರ್ಧಕ್ಕೂ ಹೆಚ್ಚು ಸಲ ಫೋನಿನಲ್ಲೇ ಮುಗಿಯುತ್ತದೆ, ದನಿ ಕೇಳಿದ ಕೂಡಲೇ ಮನುಷ್ಯರು ಮನುಷ್ಯರಾಗುತ್ತಾರೆ. ಮಗಳ ಮದುವೆ ಮುರಿದು ಬಿದ್ದದ್ದನ್ನು ಒಬ್ಬರು ನನ್ನ ಹತ್ತಿರ ಹೇಳಿಕೊಂಡದ್ದು ಹೀಗೆಯೇ. ಸಾಲು ಸಾಲು ಬೈಗುಳದ ಹಿಂದೆ ಇದ್ದದ್ದು ಅದು.

ಎರಡನೇ ಸಲ ಆದರೆ ಗುಂಪಿನಲ್ಲೇ ಒಂದು ಸಾಲಿನ ಎಚ್ಚರಿಕೆ. ಮೂರನೇ ಸಲ ಹದಿನೈದು ದಿನ ಹೊರಗೆ. ನಾಲ್ಕನೇ ಸಲ ಪೂರ್ತಿ ಹೊರಗೆ. ಇದು ನಾವು ಕಂಡುಹಿಡಿದದ್ದೇನಲ್ಲ. ನಮ್ಮ ಊರುಗಳಲ್ಲಿ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಯಾರಾದರೂ ಮಿತಿ ಮೀರಿ ಕಡಿದರೆ ಮೊದಲು ಪಕ್ಕದ ಮನೆಯವರು ಒಂದು ಮಾತು ಹೇಳುವುದು, ಆಮೇಲೆ ನಾಲ್ಕು ಜನ ಕೂತು ಹೇಳುವುದು, ಏಕಾಏಕಿ ಯಾರೂ ಠಾಣೆಗೆ ಓಡುವುದಿಲ್ಲ. ಎಲಿನರ್ ಆಸ್ಟ್ರೋಮ್ ಎಂಬ ಅಮೆರಿಕದ ವಿದ್ವಾಂಸರು ಲೋಕದ ಬೇರೆ ಬೇರೆ ಕಡೆ ಜನ ಕಾಡು, ನೀರು, ಮೀನು ಇತ್ಯಾದಿ ಹಂಚಿಕೊಳ್ಳುವ ರೀತಿ ನೋಡಿ, ಬಹಳ ಕಾಲ ಉಳಿದ ಕಡೆಗಳಲ್ಲಿ ಶಿಕ್ಷೆ ಸಣ್ಣದರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ ಅಂತ 1990ರಲ್ಲಿ ಬರೆದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗುಂಪೂ ಒಂದು ಬೆಟ್ಟವೇ. ಮೊದಲ ದಿನವೇ ಕತ್ತಿ ಬೀಸಿದರೆ ಆಗುವುದೇನು ಅನ್ನುವುದಕ್ಕೆ ನನ್ನ ಯಲ್ಲಾಪುರದ ಹಿರಿಯರು ಸಾಕ್ಷಿ. ದೊಡ್ಡ ಜಾಲತಾಣಗಳ ಲಕ್ಷಾಂತರ ಸದಸ್ಯರನ್ನು ನೋಡಿದ 2015ರ ಒಂದು ಅಧ್ಯಯನದಲ್ಲೂ, ಶುರುವಿನಲ್ಲೇ ತಾವು ಬರೆದದ್ದನ್ನು ಅನ್ಯಾಯವಾಗಿ ಅಳಿಸಿಕೊಂಡವರು ಮುಂದೆ ಇನ್ನೂ ಕೆಟ್ಟದಾಗಿ ಬರೆದರು.

ಮೆಟ್ಟಿಲು ಇಲ್ಲದ ಒಂದು ವಿಷಯ ಇದೆ. ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಅದನ್ನು ತೆಗೆದುಕೊಂಡು ಹೆಣ್ಣುಮಕ್ಕಳಿಗೆ ಬೇರೆಯಾಗಿ ಮೆಸೇಜು ಕಳಿಸುವವರಿದ್ದಾರೆ. ಅದಕ್ಕೆ ಎಚ್ಚರಿಕೆ ಇಲ್ಲ, ಫೋನ್ ಇಲ್ಲ, ಅದೇ ನಿಮಿಷ ಹೊರಗೆ. ಮೆಸೇಜು ಅಳಿಸದೆ ಇಟ್ಟುಕೊಳ್ಳಿ ಅಂತ ಆ ಸದಸ್ಯೆಗೆ ಹೇಳುತ್ತೇವೆ, ದೂರು ಕೊಡುವುದಾದರೆ ಜೊತೆಗೆ ಹೋಗುತ್ತೇವೆ. ಕಾರವಾರದಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ.

ಹೊರಗೆ ಹಾಕುವಾಗ ಭಾಷಣ ಬೇಡ. ನಾನು ಮೊದಲು ಉದ್ದುದ್ದ ಕಾರಣ ಬರೆಯುತ್ತಿದ್ದೆ, ಅದೇ ಹೊಸ ಜಗಳಕ್ಕೆ ಸೌದೆ. ಈಗ ಒಂದೇ ಸಾಲು, 'ನಿಯಮ ಮೀರಿದ ಕಾರಣ ಒಬ್ಬ ಸದಸ್ಯರನ್ನು ತೆಗೆಯಲಾಗಿದೆ'. ಹೆಸರು ಬರೆಯುವುದಿಲ್ಲ. ಬೇಕಾದವರಿಗೆ ವಾಟ್ಸಾಪೇ ತೋರಿಸುತ್ತದೆ, ಹಿಂದಿನ 60 ದಿನಗಳಲ್ಲಿ ಹೊರಗೆ ಹೋದವರ ಪಟ್ಟಿ ಅಲ್ಲೇ ಇರುತ್ತದೆ. ಬೇರೆ ನಂಬರಿನಿಂದ ಮತ್ತೆ ಒಳಗೆ ಬರುವವರೂ ಇದ್ದಾರೆ, ಅದಕ್ಕೆ ಅಡ್ಮಿನ್ ಒಪ್ಪಿಗೆ ಇಲ್ಲದೆ ಯಾರೂ ಸೇರದ ಹಾಗೆ ಸೆಟ್ಟಿಂಗ್ ಹಾಕಿದ್ದೇವೆ. ಬೆಂಕಿ ತೀರಾ ಹತ್ತಿದ ರಾತ್ರಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿ ಮಲಗುತ್ತೇವೆ, ಬೆಳಿಗ್ಗೆ ತಿಂಡಿ ಆದ ಮೇಲೆ ತೆಗೆಯುತ್ತೇವೆ.

ನಿಯಮ ಅಂದೆನಲ್ಲ, ನಮ್ಮಲ್ಲಿ ಐದೇ ಸಾಲು. ಮೊದಲು ಇಪ್ಪತ್ತಮೂರಿತ್ತು, ಬರೆದ ನನಗೇ ನೆನಪಿರಲಿಲ್ಲ. ಹೊಸಬರು ಬಂದ ದಿನವೇ ಐದು ಸಾಲು ಕಳಿಸುತ್ತೇವೆ. ರೆಡ್ಡಿಟ್ ಎಂಬ ಚರ್ಚಾ ಜಾಲತಾಣದ ವಿಜ್ಞಾನ ಗುಂಪಿನಲ್ಲಿ ಹೀಗೆ ನಿಯಮಗಳನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆ ಹಾಕಿ ನೋಡಿದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ನಿಯಮ ಪಾಲಿಸುವ ಹೊಸಬರು ಹೆಚ್ಚಿದ್ದು ಸರಿ, ಹೊಸಬರು ಮಾತಾಡುವುದೂ ಸರಾಸರಿ ಶೇ 70ರಷ್ಟು ಏರಿತು. ನಿಯಮ ಹಾಕಿದರೆ ಜನ ಹೆದರಿ ಬಾಯಿ ಮುಚ್ಚುತ್ತಾರೆ ಅಂದುಕೊಂಡಿದ್ದೆ. ಕಾವಲು ಇದೆ ಅಂತ ಗೊತ್ತಾದರೆ ಧೈರ್ಯ ಬರುತ್ತದೆ ಅಂತ ಕಾಣುತ್ತದೆ.

ಪೊಲೀಸರ ಹೆದರಿಕೆ ಬಗ್ಗೆ ಎರಡು ಮಾತು. ಸದಸ್ಯರು ಏನೋ ಹಾಕಿದರೆ ಅಡ್ಮಿನ್ ಜೈಲಿಗೆ ಅಂತ ಒಂದು ಫಾರ್ವರ್ಡ್ ವರ್ಷಕ್ಕೆರಡು ಸಲ ಬರುತ್ತದೆ. ಬೇರೆಯವರ ಮೆಸೇಜಿಗೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಹೊರಿಸಲು ಬರುವುದಿಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹಾಗಂತ ಕೋಮು ಕೆರಳಿಸುವ ಸುಳ್ಳಿಗೆ ಅಡ್ಮಿನ್ನೇ ಹೆಬ್ಬೆರಳು ಎತ್ತಿ ತೋರಿಸಿದರೆ ಅದು ಬೇರೆ ಕತೆ.

ಕಡ್ಡಿ ಆಡಿಸಿದವರು, ಅಂದರೆ ಆ ಕ್ಯಾನ್ಸರ್ ಮಾತಿನವರು, ಕೊನೆಗೂ ನಾಲ್ಕನೇ ಮೆಟ್ಟಿಲಿಗೆ ಬಂದು ಹೊರಗೆ ಹೋದರು. ನಮ್ಮ ಊರಿನಲ್ಲಿ ಇದರ ತೊಂದರೆ ಏನೆಂದರೆ ಹೊರಗೆ ಹಾಕಿದವರೆಲ್ಲ ನೆಂಟರೇ. ಹೋದ ವೈಶಾಖದಲ್ಲಿ ಒಂದು ಮದುವೆ ಊಟಕ್ಕೆ ಕೂತರೆ ನನ್ನ ಪಕ್ಕದ ಎಲೆ ಅವರದ್ದು. ತಂಬುಳಿ ಬರುವ ತನಕ ಇಬ್ಬರೂ ಮಾತಾಡಲಿಲ್ಲ.

'ಗುಂಪು ಈಗ ಸಪ್ಪೆ ಆಗಿದ್ದಡ, ಹೌದಾ ಭಾವ?' ಅಂದರು.

'ಹೌದು' ಅಂದೆ. 'ಬರೀ ಸುಣ್ಣ, ಮೈಲುತುತ್ತ.'

ಅವರು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, ಎಲೆ ನೋಡುತ್ತಲೇ, ತಮ್ಮ ತೋಟದಲ್ಲೂ ಎಲೆಚುಕ್ಕಿ ರೋಗ ಶುರುವಾಗಿದೆ, ಏನು ಹೊಡೆಯುತ್ತಿದ್ದೀರಿ ಅಂತ ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಸೇರಿಸು ಅಂತ ಅವರು ಕೇಳಲಿಲ್ಲ, ಬನ್ನಿ ಅಂತ ನಾನೂ ಅನ್ನಲಿಲ್ಲ. ಅಷ್ಟರಲ್ಲಿ ಹೋಳಿಗೆ ಬಂತು.